30×40 ಸೈಟಿನಲ್ಲಿ 600 ಪಿಪಿಎಂ: ನನ್ನ ಛೇಂಬರಿನ ಲೆಕ್ಕ

"ಪಾಲಿಥಿನ್ ಗೂಡಿನಲ್ಲಿ ಗಿಡ ದಷ್ಟಪುಷ್ಟವಾದರೆ ಅದು ಸೆಕೆಯ ಮಹಿಮೆ, ಗ್ಯಾಸಿನದಲ್ಲ." ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ (ಸಿಓ2) ಹೆಚ್ಚಿದರೆ ಬೆಳೆಗೆ ಏನಾಗುತ್ತದೆ ಅಂತ ನೋಡಲು, ಮೇಲೆ ಬಾಯಿ ತೆರೆದ ಪಾಲಿಥಿನ್ ಛೇಂಬರಿನಲ್ಲಿ ಆ ಗ್ಯಾಸನ್ನು 600 ಪಿಪಿಎಂಗೆ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 600 ಪಾಲು) ಏರಿಸಿ ಗಿಡ ಬೆಳೆಸುತ್ತೇನೆ. ಎರಡು ಬೇಸಿಗೆ ಇದೊಂದೇ ಮಾತು ಕೇಳಿದ್ದೇನೆ. ಮೊದಲ ಬೇಸಿಗೆಯ ಮಟ್ಟಿಗೆ ಅದು ನಿಜವೂ ಹೌದು. ಮೂರನೇ ಬೇಸಿಗೆಯಲ್ಲಿ ಗ್ಯಾಸ್ ಬಿಡುವ ಛೇಂಬರನ್ನೂ ಬಿಡದ ಛೇಂಬರನ್ನೂ ಅದಲುಬದಲು ಮಾಡಿದೆ. ಇಳುವರಿ ಗ್ಯಾಸ್ ಹೋದ ಕಡೆಗೇ ಹೋಯಿತು, ಹಳೇ ಜಾಗದಲ್ಲಿ ಕೂರಲಿಲ್ಲ. ಅಲ್ಲಿಂದಾಚೆ ಆ ಮಾತು ಬಂದಿಲ್ಲ.

ಬೆಂಗಳೂರಿನ ಉತ್ತರಕ್ಕೆ, ರಾಜಾನುಕುಂಟೆ ಕಡೆಯ ಖಾಲಿ ಸೈಟು. ನಾಲ್ಕು ಛೇಂಬರ್, ಹೊರಗೊಂದು ಬಯಲು ಮಡಿ. ಒಂದಕ್ಕೆ ಬರೀ ಬ್ಲೋವರ್, ಒಂದಕ್ಕೆ ಗ್ಯಾಸ್, ಒಂದಕ್ಕೆ ರಾತ್ರಿ ಬಿಸಿ, ನಾಲ್ಕನೆಯದಕ್ಕೆ ಗ್ಯಾಸೂ ಬಿಸಿಯೂ. ಬರೀ ಬ್ಲೋವರಿನ ಛೇಂಬರೇ ಇಲ್ಲದೆ ಗ್ಯಾಸಿನ ಗಿಡವನ್ನು ಬಯಲಿನ ಗಿಡಕ್ಕೆ ಹೋಲಿಸುವವರು ಇನ್ನೂ ಇದ್ದಾರೆ. ನಡುಮಧ್ಯಾಹ್ನ ಬ್ಲೋವರ್ ಓಡುತ್ತಿದ್ದರೂ ಒಳಗೆ ಒಂದೂವರೆ, ಎರಡು ಡಿಗ್ರಿ ಹೆಚ್ಚೇ ಇರುತ್ತದೆ. ಆ ಎರಡು ಡಿಗ್ರಿಯನ್ನು ಗ್ಯಾಸಿನ ಖಾತೆಗೆ ಬರೆದರೆ ಲೆಕ್ಕ ಅಲ್ಲೇ ಕೆಟ್ಟಂತೆ.

ಛೇಂಬರ್ ದುಂಡಗಿದೆ, 2 ಮೀಟರ್ ಅಡ್ಡಗಲ, 2 ಮೀಟರ್ ಎತ್ತರ. ಪಿವಿಸಿ ಪೈಪಿನ ಹಂದರ, 200 ಮೈಕ್ರಾನ್ ಯುವಿ ಶೀಟು. ಒಳಗಿನ ಗಾಳಿ ಆರೂಕಾಲು ಘನ ಮೀಟರ್. 6 ಇಂಚಿನ ಇನ್‌ಲೈನ್ ಫ್ಯಾನ್ ನಿಮಿಷಕ್ಕೆ ಸುಮಾರು ಒಂದು ಸಲ ಇಷ್ಟೂ ಗಾಳಿ ಬದಲಿಸುತ್ತದೆ. ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 90ರ ಆಸುಪಾಸು. ಹಾಗಾಗಿ ಇಲ್ಲಿ ಒಂದು ಘನ ಮೀಟರಿಗೆ 1 ಪಿಪಿಎಂ ಏರಿಸಲು 1.8 ಮಿ.ಗ್ರಾಂ ಬೇಡ, 1.63 ಮಿ.ಗ್ರಾಂ ಗ್ಯಾಸ್ ಸಾಕು. ಬಯಲ ಗಾಳಿಯ 420ರಿಂದ 600ಕ್ಕೆ ಏರಿಸಲು ಒಂದು ಛೇಂಬರಿಗೆ ನಿಮಿಷಕ್ಕೆ 1.8 ಗ್ರಾಂ, ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ 1.1 ಕೆ.ಜಿ. ಇದು ಕಾಗದದ ಮೇಲಿನ ಲೆಕ್ಕ. ನಿಜದಲ್ಲಿ 30 ಕೆ.ಜಿ. ಸಿಲಿಂಡರ್ 13 ದಿನಕ್ಕೆ ಖಾಲಿಯಾಯಿತು. ಮೇಲಿನಿಂದ ಗಾಳಿ ನುಗ್ಗಿ ಗ್ಯಾಸನ್ನು ಬಾಚಿಕೊಂಡು ಹೋಗುತ್ತಿತ್ತು. ಬಾಯಿಯ ಸುತ್ತ ಒಳಮುಖವಾಗಿ 45 ಡಿಗ್ರಿ ಇಳಿಜಾರಿನ ಅಂಚು ಕಟ್ಟಿ ಬಾಯಿಯನ್ನು 1.3 ಮೀಟರಿಗೆ ಕಿರಿದು ಮಾಡಿದ ಮೇಲೆ ಅದೇ ಸಿಲಿಂಡರ್ 20 ದಿನ ಬಂತು. ಶೀಟು ಎರಡು ಮೀಟರ್ ಹೆಚ್ಚಿಗೆ ಬೇಕಾಯಿತು, ಅಷ್ಟೇ ಖರ್ಚು.

ಸಿಲಿಂಡರಿನ ವಿಷಯ ಬಂತಲ್ಲ, ಒಂದು ಮಾತು. ಒಳಗಿರುವುದು ದ್ರವ, ಅದು ಪೂರ್ತಿ ಮುಗಿಯುವ ತನಕ ಗೇಜಿನ ಮುಳ್ಳು 60 ಬಾರ್ ಸುತ್ತಮುತ್ತಲೇ ನಿಂತಿರುತ್ತದೆ. ಗೇಜ್ ನೋಡಿ "ಫುಲ್ ಇದೆ ಸರ್" ಅನ್ನುವ ಡೆಲಿವರಿ ಹುಡುಗನ ಮಾತು ನಂಬಬೇಡಿ, ತೂಕ ಹಾಕಿಸಿ. ಸಿಲಿಂಡರಿನ ಕೊರಳ ಮೇಲೆ ಖಾಲಿ ತೂಕ ಕೊರೆದಿರುತ್ತದೆ. ನನಗೆ 30 ಕೆ.ಜಿ. ಅಂತ ಬಂದದ್ದರಲ್ಲಿ ಒಂದು ಸಲ 22, ಇನ್ನೊಂದು ಸಲ 24 ಕೆ.ಜಿ. ಇತ್ತು. ಅಂಗಡಿ ಬದಲಿಸಿದೆ. ಕೆ.ಜಿ.ಗೆ ಹೆಚ್ಚುಕಡಿಮೆ 40 ರೂಪಾಯಿ ಬೀಳುವ ಮಾಲಿಗೆ ಈ ಕಳವು ಸಣ್ಣದಲ್ಲ.

ಮೊದಲ ಬೇಸಿಗೆ ಪೂರ್ತಿ ಹಾಳಾದದ್ದು ಸೆನ್ಸರಿನಿಂದ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಎಂಎಚ್-ಝಡ್19ಬಿ ಅನ್ನುವ ಸಿಓ2 ಸೆನ್ಸರ್ ಹಾಕಿದ್ದೆ. ಅದರಲ್ಲಿ ತಾನೇ ತಾನಾಗಿ ಸರಿಪಡಿಸಿಕೊಳ್ಳುವ ವ್ಯವಸ್ಥೆ ಒಂದಿದೆ: 24 ಗಂಟೆಯಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನು 400 ಅಂತ ತಿಳಿದುಕೊಳ್ಳುತ್ತದೆ. ಕಚೇರಿಯ ಕೋಣೆಗೆ ಅದು ಸರಿ, ರಾತ್ರಿ ಹೊತ್ತು ಅಲ್ಲಿ ಜನ ಇರುವುದಿಲ್ಲ. ನಾನೋ ಆಗ ಹಗಲೂ ರಾತ್ರಿ ಗ್ಯಾಸ್ ಬಿಡುತ್ತಿದ್ದೆ. ಒಳಗೆ 600 ಇದ್ದದ್ದನ್ನು ಸೆನ್ಸರ್ 400 ಅಂದಿತು, ಕಂಟ್ರೋಲರ್ ಇನ್ನಷ್ಟು ಗ್ಯಾಸ್ ಬಿಟ್ಟಿತು. ಪರದೆಯ ಮೇಲೆ 600, ನಿಜದಲ್ಲಿ 800ರ ಮೇಲೆ. ಎರಡು ತಿಂಗಳಲ್ಲಿ 20 ಸಾವಿರ ರೂಪಾಯಿ ಗ್ಯಾಸು ಆಕಾಶ ಸೇರಿತು. ಸೆನ್ಸರಿಗೆ ಕಳಿಸುವ ಹೆಕ್ಸ್ 79ರ ಕಮಾಂಡಿನ ಮುಂದಿನ ಬೈಟನ್ನು ಸೊನ್ನೆ ಮಾಡಿ ಕಳಿಸಿದರೆ ಈ ಆಟ ನಿಲ್ಲುತ್ತದೆ. ರಾತ್ರಿ ಗ್ಯಾಸ್ ಬಿಡುವುದನ್ನೂ ನಿಲ್ಲಿಸಿದೆ, ಕತ್ತಲಲ್ಲಿ ಗಿಡಕ್ಕೆ ಅದರಿಂದ ಪ್ರಯೋಜನವೂ ಇಲ್ಲ.

ಈಗ ಇರುವುದು ಎಸ್‌ಸಿಡಿ30 ಅನ್ನುವ ಸೆನ್ಸರ್. ಎತ್ತರ 920 ಅಂತ ತುಂಬಲೇಬೇಕು. ತುಂಬದಿದ್ದರೆ ಬಯಲಿನ ಗಾಳಿಯನ್ನೇ 380 ಅಂತ ತೋರಿಸುತ್ತದೆ, ನೀವು ಅದನ್ನು ಸೆನ್ಸರಿನ ದೋಷ ಅಂದುಕೊಳ್ಳುತ್ತೀರಿ. ಇದರಲ್ಲೂ ತಾನಾಗಿ ಸರಿಪಡಿಸಿಕೊಳ್ಳುವ ಚಾಳಿ ಇದೆ, ಆರಿಸಿಡಿ. ಸೊನ್ನೆಯ ಪರೀಕ್ಷೆಗೆ, ಸಿಓ2 ಹೀರುವ ಸೋಡಾ ಲೈಮ್ ತುಂಬಿದ ಕೊಳವೆಯ ಮೂಲಕ ಗಾಳಿ ಹಾಯಿಸಿ, ಹರಳು ಬಣ್ಣ ತಿರುಗಿದರೆ ಎಸೆಯಿರಿ.

ನಾಲ್ಕು ಛೇಂಬರಿಗೆ ನಾಲ್ಕು ಸೆನ್ಸರ್ ಇಡುವುದು ಎರಡನೇ ತಪ್ಪು. ಒಂದೊಂದೂ 30, 40 ಪಿಪಿಎಂ ತನ್ನದೇ ಹಾದಿ ಹಿಡಿಯುತ್ತದೆ. ಈಗ ಸೆನ್ಸರ್ ಒಂದೇ, ನೆರಳಲ್ಲಿಟ್ಟ ಡಬ್ಬಿಯಲ್ಲಿ. ಅಕ್ವೇರಿಯಂ ಪಂಪು ಪ್ರತಿ ಛೇಂಬರಿನಿಂದ ಸರದಿಯಂತೆ ಗಾಳಿ ಎಳೆಯುತ್ತದೆ: 2 ನಿಮಿಷ ಕೊಳವೆ ತೊಳೆಯಲು, 1 ನಿಮಿಷ ಅಳೆಯಲು. 12 ನಿಮಿಷಕ್ಕೊಂದು ಸುತ್ತು. ತಪ್ಪಿದ್ದರೂ ನಾಲ್ಕಕ್ಕೂ ಒಂದೇ ತಪ್ಪು. ಬೆಳಗಿನ ಹೊತ್ತು ಕೊಳವೆಯಲ್ಲಿ ನೀರು ಕಟ್ಟಿಕೊಳ್ಳುತ್ತದೆ, ಡಬ್ಬಿಗೆ ಮುಂಚೆ ತಗ್ಗಿನಲ್ಲಿ ಒಂದು ಬಾಟಲಿ ಇಡಿ.

ಸುತ್ತು ಇಷ್ಟು ನಿಧಾನವಾದರೆ ನಿಯಂತ್ರಣ ಹೇಗೆ ಅಂತ ಕೇಳುವಿರಿ. ಬರೀ ಸಾಲಿನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಆನ್-ಆಫ್ ಮಾಡಿ ನೋಡಿಯಾಯಿತು: 480ರಿಂದ 900ರ ತನಕ ಉಯ್ಯಾಲೆ. ಈಗ ಬೇಕಾದ ಗ್ಯಾಸಿನ ಶೇ. 70ರಷ್ಟು ರೋಟಾಮೀಟರಿನಿಂದ (ಗ್ಯಾಸಿನ ಹರಿವು ತೋರಿಸುವ ಮೀಟರು) ಒಂದೇ ಸಮ ಹರಿಯುತ್ತದೆ, ಉಳಿದದ್ದನ್ನು ಮಾತ್ರ ಸಾಲಿನಾಯ್ಡ್ ಚುಟುಕು ಚುಟುಕಾಗಿ ತುಂಬುತ್ತದೆ. ವೆಲ್ಡಿಂಗ್ ರೆಗ್ಯುಲೇಟರಿನ 25 ಲೀಟರ್ ಮೀಟರು ಇದಕ್ಕೆ ಬಾರದು, ನಿಮಿಷಕ್ಕೆ 0–3 ಲೀಟರಿನ ಅಕ್ರಿಲಿಕ್ ರೋಟಾಮೀಟರ್ ಬೇಕು. ಅದರ ಗೆರೆ ಗಾಳಿಗೆ ಹಾಕಿದ್ದು. ಈ ಗ್ಯಾಸ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಆದ್ದರಿಂದ ಓದಿದ ಅಂಕಿಯನ್ನು 0.81ರಿಂದ ಗುಣಿಸಿ. ಇದನ್ನು ಮರೆತು ಒಂದು ತಿಂಗಳು ಸುಮಾರು ಶೇ. 20 ಕಡಿಮೆ ಬಿಟ್ಟಿದ್ದೇನೆ. ಎರಡೂ ದಾರಿಗಳ ಹಿಂದೆ ಕರೆಂಟ್ ಹೋದರೆ ತಾನಾಗಿ ಮುಚ್ಚುವ ಸಾಲಿನಾಯ್ಡ್ ಇರಲಿ. ಕರೆಂಟ್ ಹೋದಾಗ ಬ್ಲೋವರ್ ನಿಂತು ಗ್ಯಾಸ್ ಹರಿಯುತ್ತಲೇ ಇದ್ದರೆ ಎಲ್ಲವೂ ಬುಡದಲ್ಲಿ ಮಡುಗಟ್ಟುತ್ತದೆ. ಹಾಗೊಮ್ಮೆ ಮೊಣಕಾಲೆತ್ತರದಲ್ಲಿ 1100, ಎದೆಯೆತ್ತರದಲ್ಲಿ 430 ಕಂಡಿದ್ದೆ.

ಗ್ಯಾಸನ್ನು ನೇರ ಛೇಂಬರಿಗೆ ಬಿಡಬೇಡಿ. ಫ್ಯಾನಿನ ಬಾಯಿಯ ಮುಂದೆ ಒಂದು ಬೆರಕೆ ಡಬ್ಬಿ ಇಟ್ಟು ಅದಕ್ಕೆ ಬಿಡಿ, ಅಲ್ಲಿಂದ ತೂತು ಕೊರೆದ ಪೈಪಿನ ಬಳೆಯ ಮೂಲಕ ಗಿಡದ ಬುಡಕ್ಕೆ ಬರಲಿ. ಆ ಡಬ್ಬಿಯೊಳಗೆ ತಡೆಗಳನ್ನು ಹೇಗೆ ಕೂರಿಸಿದ್ದೇನೆ, ಸಾಲಿನಾಯ್ಡಿನ ಚುಟುಕು ಎಷ್ಟು ಸೆಕೆಂಡಿನದು ಅನ್ನುವುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಛೇಂಬರಿನ ಯಾವ ಮೂಲೆಯಲ್ಲಿ ಅಳೆದರೂ ಗಾಳಿಯಿಲ್ಲದ ದಿನ 25 ಪಿಪಿಎಂಗಿಂತ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ, ಅಷ್ಟು ಹೇಳಬಲ್ಲೆ.

ಗಿಡದ ಕಡೆಯ ದೊಡ್ಡ ಸೋಲು 12 ಇಂಚಿನ ಗ್ರೋ ಬ್ಯಾಗು. ಟೊಮೇಟೊ ಮೊದಲ 35 ದಿನ ಗ್ಯಾಸಿನಲ್ಲಿ ಮೆರೆಯಿತು, ಆಮೇಲೆ ಪಕ್ಕದ ಛೇಂಬರಿನ ಗಿಡಕ್ಕೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಕಾರಣ ಕಂಡದ್ದು ಎಲೆಯಲ್ಲಿ. ಸೂರ್ಯ ಹುಟ್ಟುವ ಮುಂಚೆ ಎಲೆ ಕಿತ್ತು, ಬಿಸಿನೀರಿನ ಪಾತ್ರೆಯೊಳಗೆ ಇಟ್ಟ ಸ್ಪಿರಿಟ್ಟಿನಲ್ಲಿ ಹಸಿರು ಬಿಡುವ ತನಕ ಬೇಯಿಸಿ (ಸ್ಪಿರಿಟ್ಟನ್ನು ಉರಿಯ ಮೇಲೆ ನೇರ ಇಡಬೇಡಿ), ತೊಳೆದು, ಅಯೋಡಿನ್ ಹಾಕಿ. ರಾತ್ರಿಯೆಲ್ಲ ಸಕ್ಕರೆಯಾಗಿ ಇಳಿದು ಹೋಗಬೇಕಾದ ಪಿಷ್ಟ ಬ್ಯಾಗಿನ ಗಿಡದ ಎಲೆಯಲ್ಲಿ ಹಾಗೇ ಕೂತಿತ್ತು: ಎಲೆ ಪೂರ್ತಿ ಮಸಿ ಬಳಿದಂತೆ ಕಪ್ಪು, ನರದ ಪಕ್ಕ ಮಾತ್ರ ಒಂದಿಷ್ಟು ತಿಳಿ. ಬೇರಿಗೆ ಜಾಗವಿಲ್ಲದಿದ್ದರೆ ಎಲೆ ಮಾಡಿದ ಅಡುಗೆ ಉಣ್ಣುವವರಿಲ್ಲ, ಆಗ ಎಲೆ ತನ್ನ ಕೆಲಸ ತಗ್ಗಿಸುತ್ತದೆ. 200 ಲೀಟರ್ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು, ಬುಡಕ್ಕೆ ತೂತು ಹಾಕಿ, ಕೆಂಪು ಮಣ್ಣಿಗೆ ಮೂರನೇ ಒಂದು ಪಾಲು ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದೆ. ಛೇಂಬರಿಗೆ ಐದು. ಮುಂದಿನ ಬೇಸಿಗೆ ಅದೇ ಪರೀಕ್ಷೆಗೆ ಎಲೆ ತೆಳು ಕಂದು ಬಂತು, ಕಾಯಿಯ ತೂಕವೂ ಕೊನೆಯ ಕೊಯ್ಲಿನ ತನಕ ಇಳಿಯಲಿಲ್ಲ.

ಬಿಸಿಯ ಛೇಂಬರಿಗೆ ಮೊದಲು ಹಾಕಿದ್ದು ಕೋಳಿಮರಿಗೆ ಕಾವು ಕೊಡುವ 250 ವ್ಯಾಟಿನ ಕೆಂಪು ಬಲ್ಬ್, ಎರಡೆರಡು. ರಾತ್ರಿ ಮೂರು ಡಿಗ್ರಿ ಏರಿತು, ಬಹಳ ಅಗ್ಗ. ಟೊಮೇಟೊಗೆ ತೊಂದರೆ ಕಾಣಲಿಲ್ಲ. ಹಿಂಗಾರಿಗೆ ನಾಟಿ ಅವರೆ ಹಾಕಿದಾಗ ಬಯಲಾಯಿತು: ಬಯಲಿನಲ್ಲಿ ಹೂ ತುಂಬಿದೆ, ಬಿಸಿಯ ಎರಡೂ ಛೇಂಬರಿನಲ್ಲಿ ಬರೀ ಬಳ್ಳಿ. ನಾಟಿ ಅವರೆಗೆ ಹೂ ಬಿಡಲು ಉದ್ದನೆಯ ಕತ್ತಲು ಬೇಕು, ಕೆಂಪು ಬೆಳಕು ಆ ಕತ್ತಲನ್ನು ಕೆಡಿಸುತ್ತದೆ. ಪಕ್ಕದ ಡ್ರಮ್ಮಿನ ಎಚ್‌ಎ-4 ಅವರೆ ಮಾತ್ರ ಏನೂ ಆಗಿಲ್ಲವೆಂಬಂತೆ ಕಾಯಿ ಬಿಟ್ಟಿತ್ತು, ಹಗಲು-ರಾತ್ರಿಯ ಉದ್ದದ ಹಂಗಿಲ್ಲದ ತಳಿ ಅದು. ಈಗ ಬೆಳಕು ಬಾರದ ಸೆರಾಮಿಕ್ ಹೀಟರ್. ಛೇಂಬರಿಗೆ ದಿನಕ್ಕೆ ಐದೂವರೆ ಯೂನಿಟ್ ಕರೆಂಟು ಉರಿಯುತ್ತದೆ.

ಅಂಕಿಗಳು, ನೆನಪಿನಿಂದ. ಟೊಮೇಟೊ ಅರ್ಕ ರಕ್ಷಕ್: ಬರೀ ಗ್ಯಾಸಿನಲ್ಲಿ ಕಾಯಿಯ ತೂಕ ಶೇ. 20–25 ಹೆಚ್ಚು. ಗ್ಯಾಸಿನ ಜೊತೆ ರಾತ್ರಿ ಬಿಸಿ ಕೂಡಿದರೆ ಆ ಲಾಭ ಪೂರ್ತಿ ಹೋಗಿ, ಮಾರ್ಚ್ ಕೊನೆಯ ನಂತರದ ಗೊಂಚಲುಗಳಲ್ಲಿ ಬರೀ ಬ್ಲೋವರ್ ಛೇಂಬರಿಗಿಂತಲೂ ಕೆಳಗಿಳಿಯಿತು. ಗಿಡ ಮಾತ್ರ ಹಸಿರು, ಎತ್ತರ, ನೋಡಲು ಚೆಂದ. ಹೂವಿನ ತೊಟ್ಟು ಗಂಟಿನಲ್ಲಿ ಹಳದಿಯಾಗಿ, ಬೆರಳು ತಾಗಿದರೆ ಉದುರುತ್ತದೆ. ರಾತ್ರಿ 25 ಡಿಗ್ರಿ ದಾಟಿದರೆ ಪರಾಗ ಕೆಡುತ್ತದೆ, ಗ್ಯಾಸ್ ಎಷ್ಟು ಬಿಟ್ಟರೂ ಅದು ರಿಪೇರಿಯಾಗುವುದಿಲ್ಲ. ಗಾಳಿಯಲ್ಲಿ ಸಿಓ2 ಹೆಚ್ಚಿದರೆ ಬೆಳೆಗೆ ಒಳ್ಳೆಯದೇ ಅನ್ನುವವರು ಈ ತೊಟ್ಟನ್ನೊಮ್ಮೆ ನೋಡಬೇಕು. ಹವಾಯಿ ದ್ವೀಪದ ಮೌನಾ ಲೋವಾದಲ್ಲಿ ಅಳೆಯಲು ತೊಡಗಿದ 1958ರಲ್ಲಿ 315 ಇದ್ದದ್ದು ಈಗ 420 ದಾಟಿದೆ ನಿಜ, ಆದರೆ ಅದು ಬೆಂಗಳೂರಿಗೆ ಒಂಟಿಯಾಗಿ ಬಂದಿಲ್ಲ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಮುಟ್ಟಿತ್ತು, 2024ರ ಏಪ್ರಿಲ್‌ನಲ್ಲಿ ಲೆಕ್ಕಕ್ಕೆ ಸಿಗುವ ಮಳೆಯೇ ಬರಲಿಲ್ಲ.

ರಾಗಿ ಜಿಪಿಯು-28: ತೆನೆಯ ತೂಕದಲ್ಲಿ ಶೇ. 3–4, ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಸಿಓ2 ಅನ್ನು ಎಲೆಯೊಳಗೆ ತಾನೇ ದಟ್ಟ ಮಾಡಿಕೊಳ್ಳುವ ಸಿ4 ಬೆಳೆಯಿಂದ ಹೆಚ್ಚಿಗೆ ನಿರೀಕ್ಷಿಸಿಯೂ ಇರಲಿಲ್ಲ. ಮಜಾ ಇರುವುದು ನೀರಿನಲ್ಲಿ. ಗ್ಯಾಸಿನ ರಾಗಿಗೆ ಅಳೆದು ಹಾಕಿದ ನೀರು ಶೇ. 15ರಷ್ಟು ಕಡಿಮೆ. 40ನೇ ದಿನ ಮಳೆಗೆ ಮುಚ್ಚಿ ನೀರು ನಿಲ್ಲಿಸಿದರೆ, ಬರೀ ಬ್ಲೋವರಿನಲ್ಲಿ 7ನೇ ದಿನ ಎಲೆ ಸುರುಳಿ ಸುತ್ತಿತು, ಗ್ಯಾಸಿನಲ್ಲಿ 10ನೇ ದಿನ. ಎಲೆಯ ರಂಧ್ರ ಅರ್ಧ ಮುಚ್ಚಿ ಬೆವರು ಕಮ್ಮಿ ಮಾಡಿಕೊಳ್ಳುವುದರ ಫಲ ಇದು. ಬೆವರದ ಎಲೆ ಬಿಸಿಯಾಗುತ್ತದೆ, ಅದು ಅದರ ಇನ್ನೊಂದು ಮುಖ. ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಮಧ್ಯಾಹ್ನ ಒಂದು ಡಿಗ್ರಿ ಹತ್ತಿರ ಹೆಚ್ಚು.

ಅವರೆ ಶೇ. 25 ಮೇಲೆ, ಬೇರಿನ ಗಂಟುಗಳೂ ಎದ್ದು ಕಾಣುವಷ್ಟು. ಸಾರಜನಕ ತಾನೇ ಮಾಡಿಕೊಳ್ಳುವುದರಿಂದ ಎಲೆ ಬಿಳಿಚಲಿಲ್ಲ. ಟೊಮೇಟೊ ಹಾಗಲ್ಲ: ಎಲ್ಲ ಛೇಂಬರಿಗೂ ಒಂದೇ ಗೊಬ್ಬರ ಕೊಟ್ಟರೆ ಗ್ಯಾಸಿನ ಗಿಡ 45ನೇ ದಿನಕ್ಕೆ ಬಿಳಿಚುತ್ತದೆ, ಬಿಳಿಚಿದ ಎಲೆಯನ್ನು ಹುಳು ಹೆಚ್ಚು ತಿನ್ನುತ್ತದೆ, ಹೊಟ್ಟೆ ತುಂಬಲು ಅದಕ್ಕೂ ಹೆಚ್ಚು ಎಲೆ ಬೇಕು. ಯೂರಿಯಾ ಒಂದು ಕಂತು ಹೆಚ್ಚಿಸಿದ್ದೇನೆ.

ಅಗ್ಗದ ಗ್ಯಾಸಿಗಾಗಿ ಎರಡು ದಾರಿ ನೋಡಿದೆ. ಎಲ್‌ಪಿಜಿ ಉರಿಸಿದರೆ ಕೆ.ಜಿ.ಗೆ ಮೂರು ಕೆ.ಜಿ. ಸಿಓ2 ಬರುತ್ತದೆ, ಲೆಕ್ಕ ಬಹಳ ಆಸೆ ಹುಟ್ಟಿಸುತ್ತದೆ. ಉರಿ ಒಂಚೂರು ಹಳದಿಯಾದರೂ ಎಥಿಲೀನ್ ಹೊರಡುತ್ತದೆ. ನಾಲ್ಕೇ ದಿನಕ್ಕೆ ಟೊಮೇಟೊ ಎಲೆಗಳು ತೊಟ್ಟಿನಿಂದ ಕೆಳಕ್ಕೆ ಬಾಗಿ ಜೋತುಬಿದ್ದವು, ಹೂವೆಲ್ಲ ಉದುರಿತು. ಆ ಒಲೆ ಈಗ ಅಡುಗೆಮನೆಯಲ್ಲಿದೆ. ಇನ್ನೊಂದು, ಚಿಪ್ಪಣಬೆ ಕೋಣೆಯಿಂದ ಹೊರಬಿಡುವ ಗಾಳಿ. ನೂರು ಬ್ಯಾಗಿನ ಕೋಣೆಯಲ್ಲಿ ಬೆಳಗಿನ ಜಾವ 1500 ದಾಟಿರುತ್ತದೆ. ಅಣಬೆಗೆ ಅದು ಬೇಡ, ಕೊಡೆ ಅರಳದೆ ಕಾಂಡ ಉದ್ದವಾಗುತ್ತದೆ. ಎಳೆದು ತಂದರೆ ಒಂದು ಛೇಂಬರಿಗೆ 60 ಪಿಪಿಎಂ ಏರುತ್ತದೆ, ಅಂದರೆ ಗ್ಯಾಸ್ ಖರ್ಚಿನ ಮೂರನೇ ಒಂದು ಪಾಲು ಉಳಿತಾಯ. ಕೊಯ್ಲಿನ ವಾರ ಬೀಜಕಣಗಳ ಬಿಳಿ ಪುಡಿ ಎಲೆಯ ಮೇಲೆ ಕೂರುತ್ತದೆ, ಆ ವಾರ ಪೈಪು ಮುಚ್ಚಿಡಬೇಕು.

ಒಟ್ಟು ಬಂಡವಾಳ 70–75 ಸಾವಿರ ಆಗಿರಬಹುದು, ಅದರಲ್ಲಿ 18 ಸಾವಿರ ಸಿಲಿಂಡರಿನ ಡಿಪಾಸಿಟ್. ಒಂದು ಹಂಗಾಮಿಗೆ ಎರಡು ಛೇಂಬರಿಗೆ 285 ಕೆ.ಜಿ. ಗ್ಯಾಸು, ಸಾಗಾಣಿಕೆ ಸೇರಿ 13 ಸಾವಿರ. ಶೀಟನ್ನು 15 ದಿನಕ್ಕೊಮ್ಮೆ ತೊಳೆಯದಿದ್ದರೆ ರಸ್ತೆಯ ಧೂಳು ಬೆಳಕನ್ನು ತಿನ್ನುತ್ತದೆ.

ಉಳಿದಿರುವುದು ಸೊಗಡಿನ ಪ್ರಶ್ನೆ. ಬಿಸಿಯ ಛೇಂಬರಿನ ಅವರೆಕಾಯಿ ತೂಕದಲ್ಲಿ ಚೆನ್ನಾಗಿತ್ತು, ಬಿಡಿಸಿದರೆ ಕೈಗೆ ವಾಸನೆಯೇ ಅಂಟಲಿಲ್ಲ. ಒಳಗೆ ಇಬ್ಬನಿ ಬೀಳುವುದಿಲ್ಲ, ಅದೇ ಕಾರಣವಿರಬಹುದು. ಅದಕ್ಕೇ ಈ ಹಿಂಗಾರಿನಲ್ಲಿ ಒಂದು ಬಿಸಿಯ ಛೇಂಬರಿನ ಹೀಟರನ್ನೂ ಬ್ಲೋವರನ್ನೂ ಬೆಳಗಿನ ಜಾವ 3ಕ್ಕೆ ಆರಿಸಿ ಬೆಳಗಿನ ತನಕ ಹಾಗೇ ಬಿಡುತ್ತಿದ್ದೇನೆ. ಕಾಯಿ ಇನ್ನೂ ಎಳಸು.