ಎತ್ತರದ ಕೆಲಸ: ಸೈಟಿನಲ್ಲಿ ಸುರಕ್ಷತಾ ತರಬೇತಿ ನೀಡುವುದು ಹೇಗೆ?

ನಿರ್ಮಾಣ ಕಾಮಗಾರಿಗಳಲ್ಲಿ ಪ್ರಾಣಕ್ಕೆ ಎರವಾಗುವ ಅವಘಡಗಳ ಪೈಕಿ ಎತ್ತರದಿಂದ ಬೀಳುವುದೇ ಮುಂಚೂಣಿಯಲ್ಲಿದೆ. ಹೊಸದಾಗಿ ಬಂದ ಕಾರ್ಮಿಕರಿಗೆ ಹೆಲ್ಮೆಟ್, ಬೆಲ್ಟ್ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡರೆ ತರಬೇತಿ ಮುಗಿಯಿತು ಎಂದು ಭಾವಿಸುವ ಪದ್ಧತಿ ನಿಲ್ಲಬೇಕು.

ಮೊದಲು ಭಾಷೆ ನೋಡಿ ಗುಂಪು ಮಾಡಿಕೊಳ್ಳಿ. ಬೆಂಗಳೂರಿನ ಸೈಟುಗಳಲ್ಲಿ ರಾಯಚೂರು, ಯಾದಗಿರಿ ಕಡೆಯವರ ಜೊತೆಗೆ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳದವರೂ ದುಡಿಯುವುದರಿಂದ, ಕನ್ನಡದಲ್ಲಷ್ಟೇ ಹೇಳಿದ ಎಚ್ಚರಿಕೆ ಅರ್ಧ ಜನರಿಗೆ ತಲುಪದೇ ಹೋಗಬಹುದು. ನಂತರ ಗುಂಪನ್ನು ಸೈಟಿನೊಳಗೆ ಕರೆದೊಯ್ದು ತೆರೆದ ಲಿಫ್ಟ್ ಗುಂಡಿ, ತಡೆಯಿಲ್ಲದ ತಾರಸಿ ಅಂಚು, ಸಾರವೆಯ ಸಡಿಲ ಹಲಗೆಗಳನ್ನು ಅವರಿಂದಲೇ ಗುರುತಿಸಿ ಹೇಳಿಸಿ.

ಬೆಲ್ಟ್ ಕಟ್ಟುವ ಪಾಠಕ್ಕೆ ಹೆಚ್ಚು ಸಮಯ ಕೊಡಬೇಕು. ಸೊಂಟದ ಬೆಲ್ಟ್ ಸಾಲದು, ಇಡೀ ಮೈಗೆ ತೊಡುವ ಹಾರ್ನೆಸ್ಸೇ ಬೇಕು. ಹೊಲಿಗೆ ಬಿಚ್ಚಿದೆಯೇ, ಪಟ್ಟಿ ಸವೆದಿದೆಯೇ ಎಂದು ಬೆರಳಾಡಿಸಿ ನೋಡಿದ ಮೇಲೆ ತೊಡೆಯ ಪಟ್ಟಿಗಳನ್ನು ಬಿಗಿಯಬೇಕು. ಹಗ್ಗ ಜೋಡಿಸುವ ಹಿಂಬದಿಯ ಉಂಗುರ ಎರಡು ಭುಜಗಳ ನಡುವೆಯೇ ಇರಬೇಕು. ಆ ಹಗ್ಗದ ತುದಿಯ ಹುಕ್ಕನ್ನು ಸಾರವೆಯ ಸಡಿಲ ಪೈಪಿಗಾಗಲಿ ಕಟ್ಟುವ ತಂತಿಗಾಗಲಿ ಸಿಕ್ಕಿಸದೆ, ಭಾರ ತಡೆಯಬಲ್ಲ ಗಟ್ಟಿ ಆಧಾರಕ್ಕೆ, ಸಾಧ್ಯವಾದಷ್ಟು ತಲೆಗಿಂತ ಮೇಲೆ ಹಾಕಿಸಿ. ಹಗ್ಗದ ಉದ್ದ 1.8 ಮೀಟರ್, ಅದರ ಆಘಾತ ತಡೆಯುವ ಪಟ್ಟಿ ಬಿಚ್ಚಿಕೊಂಡಾಗ ಸೇರುವ ಸುಮಾರು 1.75 ಮೀಟರ್, ಉಂಗುರದಿಂದ ಪಾದದವರೆಗಿನ 1.5 ಮೀಟರ್ ಹಾಗೂ 1 ಮೀಟರ್ ಹೆಚ್ಚುವರಿ ಅಂತರ ಸೇರಿಸಿದರೆ, ಹುಕ್ ಹಾಕಿದ ಜಾಗದಿಂದ ಕೆಳಗೆ ಸುಮಾರು 6 ಮೀಟರ್ ತೆರವಿರಬೇಕಾಗುತ್ತದೆ. ಒಂದು ಮಹಡಿಯ ಎತ್ತರ ಸಾಮಾನ್ಯವಾಗಿ 3 ಮೀಟರ್ ಮಾತ್ರ. ಆದ್ದರಿಂದ ಮೊದಲ ಮಹಡಿಯ ಅಂಚಿನಲ್ಲಿ ಕಾಲ ಬುಡಕ್ಕೆ ಹುಕ್ ಹಾಕಿಕೊಂಡವರು ಹಗ್ಗ ಬಿಗಿಯಾಗಿ ತಡೆಯುವ ಮೊದಲೇ ನೆಲಕ್ಕೆ ಬಡಿಯುತ್ತಾರೆ. ಅಂಥಲ್ಲಿ ಬೆಲ್ಟನ್ನು ನಂಬುವ ಬದಲು ಅಂಚಿಗೆ ಗಟ್ಟಿ ಕಟಾಂಜನ ಕಟ್ಟಿಸುವುದೇ ಸರಿ. ಈ ಲೆಕ್ಕವನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ತೋರಿಸಿದರೆ ಓದುಬರಹ ಬಾರದವರಿಗೂ ತಿಳಿಯುತ್ತದೆ.

ಬಿದ್ದು ಬೆಲ್ಟಿನಲ್ಲಿ ನೇತಾಡುವವರನ್ನು ಇಳಿಸುವುದನ್ನೂ ಕಲಿಸಬೇಕು. ತೊಡೆಯ ಪಟ್ಟಿಗಳ ಒತ್ತಡದಿಂದ ರಕ್ತ ಕಾಲುಗಳಲ್ಲೇ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುವ ಅಪಾಯವಿರುವುದರಿಂದ, ಏಣಿ ಎಲ್ಲಿದೆ, ಯಾರು ಹತ್ತಬೇಕು, 108ಕ್ಕೆ ಯಾರು ಕರೆ ಮಾಡಬೇಕು ಎಂಬುದು ಮೊದಲೇ ನಿಗದಿಯಾಗಿರಲಿ.

ಕಲಿತದ್ದನ್ನು ಪ್ರತಿಯೊಬ್ಬರೂ ನೆಲದ ಮೇಲೆ ಮಾಡಿ ತೋರಿಸಿದ ಬಳಿಕವೇ ಮೇಲೆ ಕಳುಹಿಸಿ. ಬೆಳಿಗ್ಗೆ ಕೆಲಸಕ್ಕೆ ಮೊದಲು ಹತ್ತು ನಿಮಿಷ ಆ ದಿನದ ಅಪಾಯಗಳನ್ನಷ್ಟೇ ಮೇಸ್ತ್ರಿ ವಿವರಿಸಲಿ. ಕೆಲಸ ಬದಲಾದರೆ, ಉದಾಹರಣೆಗೆ ಸೆಂಟ್ರಿಂಗ್‌ನವರು ಹೊರಗೋಡೆಯ ಪ್ಲಾಸ್ಟರಿಂಗ್‌ಗೆ ಹೋದರೆ, ಹಳೆಯ ಸಹಿ ಸಾಲದು. ಸಾರವೆ ಹತ್ತುವ ಮುನ್ನ ಅವರಿಗೆ ಮತ್ತೆ ತರಬೇತಿ ಆಗಬೇಕು.