ಇಲಿ ಪಾಷಾಣ ತಿಂದ ನಮ್ಮ ಕರಿಯ

ಫ್ರಿಡ್ಜ್ ಹಿಂದೆ ಇಟ್ಟಿದ್ದ ಇಲಿ ಪಾಷಾಣದ ಬಿಲ್ಲೆಗಳಲ್ಲಿ ಒಂದೂ ಇರಲಿಲ್ಲ. ಕರಿಯನ ಮೂತಿಗೆ ನೀಲಿ ಪುಡಿ ಮೆತ್ತಿಕೊಂಡಿತ್ತು. ಅವನು ಮಾತ್ರ ಏನೂ ಆಗದವನ ಹಾಗೆ ಬಾಲ ಅಲ್ಲಾಡಿಸುತ್ತಾ ನಿಂತಿದ್ದ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣ ಅಂತ ಲೋಟಕ್ಕೆ ಉಪ್ಪು ಸುರಿದೂ ಆಗಿತ್ತು. ಪುಣ್ಯಕ್ಕೆ ಮೊದಲು ಡಾಕ್ಟರಿಗೆ ಫೋನ್ ಮಾಡಿದೆ. "ಉಪ್ಪು ಜಾಸ್ತಿಯಾದರೆ ಅದೂ ವಿಷವೇ. ಹಾಲು, ಎಣ್ಣೆ ಏನೂ ಬೇಡ. ಪಾಷಾಣದ ಕವರ್ ಹುಡುಕಿ, ತಕ್ಷಣ ಹೊರಟು ಬನ್ನಿ" ಎಂದರು.

ಕಸದ ಬುಟ್ಟಿ ಬೋರಲು ಹಾಕಿದ ಮೇಲೆ ಕವರ್ ಸಿಕ್ಕಿತು. ಬ್ರೋಮಾಡಿಯೋಲೋನ್, 0.005% ಎಂದು ವಿಷದ ಹೆಸರು ಸಣ್ಣ ಅಕ್ಷರದಲ್ಲಿತ್ತು. ಚಿಕಿತ್ಸೆ ನಿಂತಿದ್ದೇ ಆ ಒಂದು ಸಾಲಿನ ಮೇಲೆ. ಜಿಂಕ್ ಫಾಸ್ಫೈಡ್ ಎಂಬ ಇನ್ನೊಂದು ಇಲಿ ಪಾಷಾಣ ಆಗಿದ್ದರೆ ಕಥೆಯೇ ಬೇರೆ. ಅದು ಹೊಟ್ಟೆಯಲ್ಲಿ ವಿಷಗಾಳಿಯಾಗುತ್ತದೆ, ಕೆಲವೇ ಗಂಟೆಗಳಲ್ಲಿ ನಾಯಿ ಸತ್ತೇ ಹೋಗಬಹುದು. ಅದರ ವಾಂತಿಯ ಗಾಳಿ ನಮಗೂ ಅಪಾಯ.

ತಿಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ನೀಲಿ ಚೂರುಗಳು ಬಂದವು. ಆಮೇಲೆ ಹೊಟ್ಟೆಯಲ್ಲಿ ಉಳಿದ ವಿಷ ಹೀರಿಕೊಳ್ಳುವ ಇದ್ದಿಲ ಪುಡಿ, ಆಕ್ಟಿವೇಟೆಡ್ ಚಾರ್ಕೋಲ್ ಕುಡಿಸಿದರು. ಅರ್ಧ ಅವನ ಹೊಟ್ಟೆಗೆ, ಅರ್ಧ ನನ್ನ ಅಂಗಿಗೆ!

ಡಾಕ್ಟರು ಮಾತ್ರೆ ಬರೆದಾಗ, ಚೆನ್ನಾಗೇ ಇದ್ದಾನಲ್ವಾ, ಮಾತ್ರೆ ಯಾಕೆ ಎಂದು ಕೇಳಿದೆ. ಮೋಸ ಇರುವುದೇ ಅಲ್ಲಿ. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ದೇಹದಲ್ಲಿ ಮತ್ತೆ ಮತ್ತೆ ಬಳಕೆಗೆ ಬರುತ್ತಿರುತ್ತದೆ, ಈ ವಿಷ ಅದನ್ನು ತಡೆಯುತ್ತದೆ. ರಕ್ತ ಹೆಪ್ಪುಗಟ್ಟಿಸಲು ದೇಹದಲ್ಲಿ ಮೊದಲೇ ತಯಾರಾಗಿದ್ದ ಅಂಶಗಳು ಮುಗಿಯುವವರೆಗೆ ನಾಯಿ ಆರಾಮಾಗಿರುತ್ತದೆ. ಮೂರರಿಂದ ಐದು ದಿನಕ್ಕೆ ಒಳಗೊಳಗೇ ರಕ್ತ ಸೋರಲು ಶುರು.

ನಾಲ್ಕು ವಾರ ವಿಟಮಿನ್ ಕೆ1 ಮಾತ್ರೆ. ಔಷಧಿ ಅಂಗಡಿಯವರು ಮೊದಲು ಕೊಟ್ಟದ್ದು ಕೆ3. ಈ ವಿಷಕ್ಕೆ ಅದು ನಾಟುವುದಿಲ್ಲ, ವಾಪಸ್ ಕೊಟ್ಟೆ. ಜಿಡ್ಡಿನ ಜೊತೆ ಚೆನ್ನಾಗಿ ಹಿಡಿಯುತ್ತದೆ ಎಂದು ಬೆಣ್ಣೆಯಲ್ಲಿ ಸುತ್ತಿ ಕೊಡುತ್ತಿದ್ದೆ. ದಿನಾ ಬೆಳಿಗ್ಗೆ ಅವನ ತುಟಿ ಎತ್ತಿ ವಸಡು ನೋಡುವುದು ಅಭ್ಯಾಸವಾಯಿತು. ಬೆರಳಿಂದ ಒತ್ತಿದರೆ ಬಿಳುಚಿ, ತಕ್ಷಣ ಗುಲಾಬಿ ಬಣ್ಣಕ್ಕೆ ತಿರುಗಬೇಕು. ವಸಡು ಪೂರ್ತಿ ಬಿಳುಚಿದ್ದರೆ, ಮಲ ಕಪ್ಪಾದರೆ, ಕೆಮ್ಮು ಬಂದರೆ ಓಡಿ ಬನ್ನಿ ಎಂದಿದ್ದರು.

ಕೊನೆಯ ಮಾತ್ರೆಯಾಗಿ 48 ಗಂಟೆಗೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿದೆವು. ನಾಲ್ಕು ವಾರದಲ್ಲಿ ನನಗೆ ಜಾಸ್ತಿ ಭಯವಾಗಿದ್ದು ಅವತ್ತೇ. ಸರಿಯಾಗಿ ಬಂತು.

ಈಗ ಮನೆಯಲ್ಲಿ ಬರೀ ಇಲಿ ಬೋನು. ಕರಿಯ ರಾತ್ರಿಯಿಡೀ ಅದರ ಮುಂದೆಯೇ ಕೂತಿರುತ್ತಾನೆ. ಇಲಿ ಬೀಳುವುದಾದರೂ ಹೇಗೆ?