ಕರುಳೂ ಬೇಡ, ಯಂತ್ರವೂ ಬೇಡ: ಮನೆಯಲ್ಲೇ ಬೆಳಗಿನ ಸಾಸೇಜ್

14 ವರ್ಷ ನಾನು ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಬೆಳಗಿನ ಪಾಳಿ ಮಾಡಿದವನು. ಮೂರೂವರೆಗೆ ಎದ್ದು ಮೊದಲು ಹಿಡಿಯುತ್ತಿದ್ದ ಕೆಲಸವೆಂದರೆ ಅರೆದ ಹಂದಿ ಮಾಂಸದ ಸಾಸೇಜನ್ನು ಕರುಳಿಗೆ ತುಂಬದೆ ಬಿಲ್ಲೆಗಳಾಗಿ ತಟ್ಟಿ ಸಾಲಾಗಿ ಇಡುವುದು. ಹಡಗು ಬಿಟ್ಟು ಕಾಸರಗೋಡಿನ ಬೇಳದಲ್ಲಿ ನೆಲೆಯಾದ ಮೇಲೆ ಮಕ್ಕಳು ಅದನ್ನೇ ಕೇಳಲಿಕ್ಕೆ ಶುರು ಮಾಡಿದರು. ಮಂಗಳೂರಿಗೆ ಹೋದಾಗ ಒಂದು ಪ್ಯಾಕೆಟ್ ತಂದೆ. ಹಿಂಬದಿ ಓದಿ ನೋಡಿದರೆ ಮಾಂಸದ ಜೊತೆಗೆ ನೀರು, ಪಿಷ್ಟ, ಸೋಯಾ. ಮಾಂಸದ ಕ್ರಯ ಕೊಟ್ಟು ನೀರು ತರುವುದು ನನಗೆ ಸರಿ ಕಾಣಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಮಾಡಿದ್ದೇ.

ಈ ತಿಂಡಿ ಹುಟ್ಟಿದ್ದೇ ಉಳಿತಾಯದಿಂದ. ಅಮೆರಿಕದ ಹಳ್ಳಿಗಳಲ್ಲಿ ಚಳಿಗಾಲ ಬಂತೆಂದರೆ ಹಂದಿ ಕಡಿಯುತ್ತಿದ್ದರು. ದೊಡ್ಡ ತುಂಡುಗಳು ಉಪ್ಪಿಗೆ, ಹೊಗೆಗೆ ಹೋದ ಮೇಲೆ ಉಳಿದ ಚೂರುಪಾರುಗಳಿಗೆ ಉಪ್ಪು, ಕಾಳುಮೆಣಸು, ಸೇಜ್ ಎಂಬ ಸೊಪ್ಪು ಹಾಕಿ ಅರೆದು ಕಾಯಿಸಿಕೊಂಡು ತಿನ್ನುತ್ತಿದ್ದರು. ಗೋವಾದ ಶೊರೀಸಿನ ಹಾಗೆ ವಿನೆಗರ್ ಹಾಕಿ ಒಣಗಿಸುವ ಜಾತಿಯದಲ್ಲ, ಇದು ಹಸಿಯಾಗಿಯೇ ಕಾಯಿಸುವ ಸಾಸೇಜ್. ಹಾಗಾಗಿ ಇದನ್ನು ಅಟ್ಟದಲ್ಲಿ ತೂಗುಹಾಕುವ ಯೋಚನೆ ದಯವಿಟ್ಟು ಮಾಡಬೇಡಿ, ಕೆಟ್ಟುಹೋಗುತ್ತದೆ.

ಮಾಂಸದಿಂದ ಸುರುಮಾಡುವ. ಬೇಕಾದದ್ದು ಮುಂಗಾಲಿನ ಮೇಲಿನ ಹೆಗಲಿನ ಭಾಗ. ಅದರಲ್ಲಿ ನೆಣ ತಾನಾಗಿಯೇ ಇರುತ್ತದೆ, ಕ್ರಯವೂ ಕಡಿಮೆ. ಕಳೆದ ಭಾನುವಾರ ಪೂಜೆ ಮುಗಿಸಿ ಬರುವಾಗ ನಾನು ಕೊಟ್ಟದ್ದು ಕಿಲೋಗೆ 360 ರೂಪಾಯಿ. ಒಂದು ಕಿಲೋದಲ್ಲಿ ಮುಕ್ಕಾಲು ಪಾಲು ಮಾಂಸ, ಕಾಲು ಪಾಲು ನೆಣ ಇರಬೇಕು. ತುಂಡು ಬರೀ ಕೆಂಪಾಗಿ ಕಂಡರೆ ಸ್ವಲ್ಪ ನೆಣ ಬೇರೆಯಾಗಿ ಹಾಕಿಸಿಕೊಳ್ಳಿ. ನಮ್ಮ ಕಡೆ ಅಂಗಡಿಯವರು ಮಲಯಾಳದವರಾದರೆ ‘ನೆಯ್ಯ್’ ಎಂದು ಕೇಳಿದರೆ ಸಾಕು. ಡಯಟ್ ಎಂದು ನೆಣ ಕಡಿಮೆ ಮಾಡಿದವರ ಸಾಸೇಜ್ ತಿಂದಿದ್ದೇನೆ, ಗಂಟಲಲ್ಲಿ ಇಳಿಯುವುದಿಲ್ಲ. ಬೇಕಾದರೆ ಎರಡರ ಬದಲು ಒಂದು ತಿನ್ನಿ, ನೆಣ ಮಾತ್ರ ತೆಗೆಯಬೇಡಿ. ಚರ್ಮ ಇದಕ್ಕೆ ಆಗದು, ಅದು ಮಧ್ಯಾಹ್ನದ ಬಾಫತ್‌ಗೆ ಹೋಗಲಿ.

ಇನ್ನು ತಂಪು. ಈ ಅಡುಗೆಯಲ್ಲಿ ನಾನು ಹಟ ಹಿಡಿಯುವುದು ಇದೊಂದಕ್ಕೆ. ಹಡಗಿನಲ್ಲಿ ಕೋಣೆಯೇ ತಂಪಾಗಿತ್ತು, ಆದ್ದರಿಂದ ಅದರ ಬೆಲೆ ನನಗೆ ತಿಳಿದಿರಲಿಲ್ಲ. ಊರಿಗೆ ಬಂದ ವರ್ಷ ಏಪ್ರಿಲಿನ ಒಂದು ಮಧ್ಯಾಹ್ನ ಮಾಂಸವನ್ನು ಮಿಕ್ಸಿಗೆ ಹಾಕುತ್ತಿರುವಾಗ ಕರೆಂಟು ಹೋಯಿತು. ಅರ್ಧ ಅರೆದದ್ದು ಜಾರಿನಲ್ಲೇ ಮುಕ್ಕಾಲು ಗಂಟೆ ಕೂತಿತು. ಕರೆಂಟು ಬಂದ ಮೇಲೆ ಮುಂದುವರಿಸಿದೆ. ಜಾರಿನ ಗೋಡೆಗೆಲ್ಲ ಬೆಣ್ಣೆ ಸವರಿದ ಹಾಗೆ ನೆಣ ಮೆತ್ತಿಕೊಂಡಿತ್ತು. ಕಾವಲಿಗೆ ಹಾಕಿದೊಡನೆ ಅಷ್ಟೂ ಕರಗಿ ಹೊರಗೆ ಹರಿಯಿತು, ಉಳಿದದ್ದು ಒಣ ಹುಡಿ. ಒಂದು ಕಿಲೋ ಮಾಂಸ ಹಾಳಾದ ಸಂಕಟ ಇವತ್ತಿಗೂ ಇದೆ. ಹಂದಿ ನೆಣ ಬಿಸಿಗೆ ಬೇಗ ಮೆತ್ತಗಾಗುತ್ತದೆ. ಕಾಳಿನ ಹಾಗೆ ಬಿಡಿಬಿಡಿಯಾಗಿ ಉಳಿದರೆ ಮಾತ್ರ ಕಾಯುವಾಗ ಒಳಗೊಳಗೇ ಕರಗಿ ಮಾಂಸವನ್ನು ಒದ್ದೆ ಇಡುತ್ತದೆ.

ಈಗ ನಾನು ಬೆಳಗಿನ ಜಾವವೇ ಕೂರುತ್ತೇನೆ. ಮಾಂಸ, ನೆಣ ಎರಡನ್ನೂ ಅಡಕೆಯಷ್ಟು ದಪ್ಪ ತುಂಡು ಮಾಡಿ ಸ್ಟೀಲಿನ ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿ 30ರಿಂದ 40 ನಿಮಿಷ ಇಡುತ್ತೇನೆ. ಅಂಚು ಗಟ್ಟಿಯಾಗಿ ನಡು ಇನ್ನೂ ಒತ್ತಿದರೆ ತಗ್ಗುವ ಹದ. ಮಿಕ್ಸಿ ಜಾರನ್ನೂ ಜೊತೆಯಲ್ಲೇ ಇಡಿ. ಆಮೇಲೆ ಒಂದು ಸಲಕ್ಕೆ ಒಂದು ಹಿಡಿಯಷ್ಟೇ ಹಾಕಿ, ಒಂದೊಂದು ಕ್ಷಣ ತಿರುಗಿಸಿ ನಿಲ್ಲಿಸಿ, ಏಳೆಂಟು ಸಲ. ತರಿತರಿಯಾಗಿದ್ದರೆ ಸಾಕು, ಚಟ್ನಿ ಆಗಬಾರದು. ಮಿಕ್ಸಿ ಇಲ್ಲವೆಂದರೆ ಎರಡು ಭಾರದ ಕತ್ತಿ ಹಿಡಿದು ಹಲಗೆಯ ಮೇಲೆ ಕೊಚ್ಚಿ. ನಿಜ ಹೇಳಬೇಕೆಂದರೆ ಕೊಚ್ಚಿದ್ದರ ರುಚಿಯೇ ಮೇಲು, ಕೈ ಮಾತ್ರ ನೋಯುತ್ತದೆ.

ಒಂದು ಕಿಲೋಗೆ ಉಪ್ಪು 16 ಗ್ರಾಂ. ಇದನ್ನು ತೂಗಿಯೇ ಹಾಕಿ, ಕಲ್ಲುಪ್ಪಿನ ಚಮಚಕ್ಕೂ ಹುಡಿ ಉಪ್ಪಿನ ಚಮಚಕ್ಕೂ ತೂಕ ಬೇರೆ. ತೋಟದ ಕಾಳುಮೆಣಸು ತರಿಯಾಗಿ ಕುಟ್ಟಿದ್ದು ಎರಡು ಚಹಾ ಚಮಚ, ಒಣಮೆಣಸಿನ ಚೂರು ಒಂದು ಚಮಚ, ತುರಿದ ಜಾಯಿಕಾಯಿ ಎರಡು ಚಿಟಿಕೆ, ಶುಂಠಿ ಹುಡಿ ಕಾಲು ಚಮಚ. ಅಮೆರಿಕದವರು ಕಂದು ಸಕ್ಕರೆಯನ್ನೋ ಮೇಪಲ್ ಮರದ ಪಾಕವನ್ನೋ ಹಾಕುತ್ತಾರೆ. ನಾನು ಓಲೆಬೆಲ್ಲ, ಅಂದರೆ ತಾಳೆಬೆಲ್ಲ, ತುರಿದು ಒಂದು ದೊಡ್ಡ ಚಮಚ ಹಾಕುತ್ತೇನೆ, ಆ ಹೊಗೆಗಂಪು ಮೇಪಲ್ಲಿಗಿಂತ ನನಗೆ ಹೆಚ್ಚು ಹಿಡಿಸಿದೆ. ಅವರು ಹಾಕುವ ಥೈಮ್ ಸೊಪ್ಪಿಗೆ ಹುಡುಕುವುದು ಬೇಡ. ಅದರ ಪರಿಮಳಕ್ಕೆ ಕಾರಣವಾದ ಥೈಮಾಲ್ ಎಂಬ ಅಂಶ ನಮ್ಮ ಓಮದಲ್ಲೇ ಧಾರಾಳ ಉಂಟು. ಹುರಿದು ಹುಡಿ ಮಾಡಿದ್ದು ಕಾಲು ಚಮಚ, ಮೀರಿದರೆ ಕಷಾಯದ ವಾಸನೆ ಬರುತ್ತದೆ. ಸೇಜ್‌ಗೆ ಸರಿಸಮ ನಮ್ಮಲ್ಲಿಲ್ಲ. ಅಂಗಳದ ಸಾಂಬ್ರಾಣಿ ಎಲೆ, ಘಟ್ಟದ ಮೇಲಿನವರ ದೊಡ್ಡಪತ್ರೆ, ನಾಲ್ಕು ಕಿತ್ತು ಬಿಸಿ ಕಾವಲಿಯಲ್ಲಿ ನೀರಾರುವ ತನಕ ಬಾಡಿಸಿ ಸಣ್ಣಗೆ ಹೆಚ್ಚಿ ಹಾಕುತ್ತೇನೆ. ಸೇಜಿನ ರುಚಿ ಅಲ್ಲ, ಆದರೆ ನೆಣದ ಜಿಡ್ಡನ್ನು ಅದರಂತೆಯೇ ಕಡಿಯುತ್ತದೆ.

ಇದಿಷ್ಟನ್ನೂ ಮಾಂಸಕ್ಕೆ ಹಾಕಿ, ಮೂರು ದೊಡ್ಡ ಚಮಚ ಐಸ್ ನೀರು ಸೇರಿಸಿ, ಎರಡು ನಿಮಿಷ ಚೆನ್ನಾಗಿ ನಾದಿ. ಕೈ ಮರಗಟ್ಟುವಷ್ಟು ತಣ್ಣಗಿರಬೇಕು.

ಮೊದಲ ಸಲ ಮಾಡುವಾಗ ಅತ್ತಿಗೆ ಪಕ್ಕದಲ್ಲೇ ನಿಂತಿದ್ದರು. “ಕರುಳೂ ಇಲ್ಲ, ಮೊಟ್ಟೆಯೂ ಇಲ್ಲ, ಇದು ಹೇಗೆ ಮಾರಾಯ ನಿಲ್ಲುವುದು?” ಎಂದು ಕೇಳಿದರು.

“ನೋಡಿ ಅತ್ತಿಗೆ” ಎಂದು ಒಂದು ಉಂಡೆಯನ್ನು ಅಂಗೈಗೆ ಒತ್ತಿ ಕೈ ಮಗುಚಿದೆ. ಬೀಳಲಿಲ್ಲ. ಹತ್ತು ಎಣಿಸಿದರು, ಆದರೂ ಬೀಳಲಿಲ್ಲ. ಉಪ್ಪು ತಾಗಿ ನಾದಿದಾಗ ಮಾಂಸದೊಳಗಿನ ಮಯೋಸಿನ್ ಎಂಬ ಪ್ರೋಟೀನು ಹೊರಬಂದು ಅಂಟಾಗುತ್ತದೆ. ನಿಮ್ಮದೂ ಹೀಗೆ ಅಂಗೈಗೆ ಹಿಡಿದು ನಿಂತರೆ ನಾದಿದ್ದು ಸಾಕು. ಬ್ರೆಡ್ ಹುಡಿ, ಮೊಟ್ಟೆ, ಜೋಳದ ಹಿಟ್ಟು ಯಾವುದೂ ಬೇಡ.

ಹಸಿ ಮಾಂಸ ನಾಲಗೆಗೆ ಹಚ್ಚಿ ಉಪ್ಪು ನೋಡಬಾರದು. ಗೋಲಿಯಷ್ಟು ಕಾಯಿಸಿ ತಿಂದು ನೋಡಿ, ಬೇಕಾದದ್ದು ಈಗಲೇ ಸೇರಿಸಿ. ಆಮೇಲೆ 50 ಗ್ರಾಂನ ಉಂಡೆ ಮಾಡಿ ಬೆರಳಿನ ದಪ್ಪಕ್ಕೆ ತಟ್ಟಿ, ನಡುವೆ ಹೆಬ್ಬೆಟ್ಟಿನಿಂದ ಸ್ವಲ್ಪ ಒತ್ತಿ. ಒತ್ತದಿದ್ದರೆ ಕಾಯುವಾಗ ಉಬ್ಬುತ್ತದೆ. ಕಿಲೋಗೆ 20 ಬಿಲ್ಲೆ. ಮಸಾಲೆಯ ಖರ್ಚು ಸೇರಿಸಿದರೂ ಒಂದಕ್ಕೆ 20 ರೂಪಾಯಿ ದಾಟುವುದಿಲ್ಲ.

ದೋಸೆಯ ಕಬ್ಬಿಣದ ಕಾವಲಿ ಇದಕ್ಕೆ ಉತ್ತಮ. ಎಣ್ಣೆ ಹಾಕದೆ, ಕಾವಲಿ ಕಾಯುವ ಮೊದಲೇ ಬಿಲ್ಲೆಗಳನ್ನಿಟ್ಟು ಸಣ್ಣ ಉರಿಯಲ್ಲಿ ಶುರು ಮಾಡಿ, ಅದರದ್ದೇ ನೆಣ ಬಿಡುತ್ತದೆ. ಒಂದೊಂದು ಬದಿಗೆ ನಾಲ್ಕೈದು ನಿಮಿಷ. ಸಟ್ಟುಗದಿಂದ ಅದುಮಬೇಡಿ, ರಸವೆಲ್ಲ ಹೋಗುತ್ತದೆ. ಅರೆದ ಹಂದಿ ಮಾಂಸ ಒಳಗೆ 71 ಡಿಗ್ರಿ ಸೆಲ್ಸಿಯಸ್ ತಲುಪಲೇಬೇಕು. ಇಡೀ ತುಂಡಿನಲ್ಲಿ ಮೇಲ್ಮೈಯಲ್ಲಿ ಇರುವ ರೋಗಾಣು ಅರೆದಾಗ ಒಳಕ್ಕೆಲ್ಲ ಸೇರುತ್ತದೆ, ಲಾಡಿಹುಳದ ಭಯವೂ ಉಂಟು. ಬಣ್ಣವನ್ನು ಪೂರ್ತಿ ನಂಬಲಾಗದು, ಚುಚ್ಚಿ ನೋಡುವ ಥರ್ಮಾಮೀಟರ್ ಒಂದನ್ನು ತೆಗೆದಿಡಿ. ಈ ಕೆಲಸದಲ್ಲಿ ದುಡ್ಡು ಹಾಕಲೇಬೇಕಾದದ್ದು ಅದಕ್ಕೊಂದಕ್ಕೇ.

ನಮ್ಮಲ್ಲಿ ನೀರುದೋಸೆಯ ಮಡಿಕೆಯೊಳಗೆ ಇಟ್ಟು ತಿನ್ನುವುದು. ಹಿಂದಿನ ದಿನದ ಪುಂಡಿಯನ್ನು, ಅಂದರೆ ಅಕ್ಕಿ ಕಡುಬನ್ನು, ಹೋಳು ಮಾಡಿ ಅದೇ ಕಾವಲಿಯ ನೆಣದಲ್ಲಿ ಕೆಂಪಗೆ ಕಾಯಿಸಿದರೂ ಜೋಡಿ ಚೆನ್ನ.

ಹಂದಿ ತಿನ್ನದವರು ಬಂದರೆ ಕೋಳಿಯ ತೊಡೆಯ ಮಾಂಸದಲ್ಲಿ ಹೀಗೆಯೇ ಮಾಡಬಹುದು. ನೆಣದ ಬದಲು ತೆಂಗಿನೆಣ್ಣೆಯನ್ನು ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿ, ಚಾಕುವಿನಿಂದ ಚೂರು ಮಾಡಿ, ಕಿಲೋಗೆ 100 ಗ್ರಾಂ ಕೊನೆಗೆ ಬೆರೆಸಿ. ಕೋಳಿ 74 ಡಿಗ್ರಿ ತಲುಪಬೇಕು.

ಹಸಿ ಬಿಲ್ಲೆ ಫ್ರಿಜ್ಜಿನಲ್ಲಿ ಎರಡು ದಿನ, ಫ್ರೀಜರಿನಲ್ಲಿ ಎರಡು ತಿಂಗಳು. ಹಾಲಿನ ಪ್ಯಾಕೆಟನ್ನು ಸೋಪು ಹಾಕಿ ತೊಳೆದು ಒಣಗಿಸಿ ಚೌಕ ಕತ್ತರಿಸಿಟ್ಟುಕೊಂಡರೆ ಬಿಲ್ಲೆಗಳ ನಡುವೆ ಇಡಲಿಕ್ಕಾಗುತ್ತದೆ, ಒಂದಕ್ಕೊಂದು ಅಂಟುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಕರಗಿದ್ದು ಕಂಡರೆ, ಇನ್ನೂ ತಣ್ಣಗಿರುವಾಗಲೇ ಎಲ್ಲವನ್ನೂ ಅದೇ ದಿನ ಕಾಯಿಸಿಬಿಡಿ. ಕಾವಲಿಯಲ್ಲಿ ಉಳಿದ ನೆಣವನ್ನು ಸೋಸಿ ಗಾಜಿನ ಬಾಟಲಿಗೆ ತುಂಬಿಸಿ ಫ್ರಿಜ್ಜಿನಲ್ಲಿಡಿ. ವಾರವಿಡೀ ಮೊಟ್ಟೆ ಕಾಯಿಸಲಿಕ್ಕೆ ಬೇರೆ ಎಣ್ಣೆ ಬೇಕಾಗುವುದಿಲ್ಲ.